ಮಧ್ಯಾಹ್ನ ಹೊಳೆದದ್ದು, ರಾತ್ರಿ ಮೈಸೂರು: ಕೊಡಗಿನಿಂದ ದಿಢೀರ್ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಶನಿವಾರ ಮಧ್ಯಾಹ್ನದ ಊಟ ಮುಗಿದು ಕೈ ಒಣಗುವ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಒಬ್ಬ "ಸಂಜೆ ಮೈಸೂರು?" ಎಂದು ಹಾಕುತ್ತಾನೆ. ಇಬ್ಬರು ಹೆಬ್ಬೆರಳು ಎತ್ತುತ್ತಾರೆ, ಒಬ್ಬ "ನಾನ್ ರೆಡಿ ಮಗಾ" ಅನ್ನುತ್ತಾನೆ, ಮತ್ತೊಬ್ಬ ಓದಿಯೂ ಸುಮ್ಮನಿರುತ್ತಾನೆ. ನಗರದಲ್ಲೇ ಇರುವವರಿಗೆ ಅಲ್ಲಿಂದ ಮುಂದೆ ಯೋಚನೆಯೇ ಬೇಕಿಲ್ಲ, ಆಟೋ ಹತ್ತಿದರೆ ಆಯಿತು. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಅದರಲ್ಲಿ ಒಂದಷ್ಟು ತಿರುವು, ಒಂದಷ್ಟು ಕಾಡು.

ಜೊತೆಗೆ ಇನ್ನೊಂದು ವಿಷಯವನ್ನು ಒಪ್ಪಿಕೊಂಡೇ ಹೊರಡಬೇಕು: ಮೈಸೂರು ಬೇಗ ಮಲಗುವ ಊರು. ರಾತ್ರಿ ಹನ್ನೊಂದಾಗುವಾಗ ಅಂಗಡಿ, ಹೋಟೆಲುಗಳ ಶಟರ್ ಒಂದೊಂದೇ ಇಳಿಯುತ್ತಿರುತ್ತದೆ. ಅಲ್ಲಿಂದ ಬೆಳಗಿನ ಐದರವರೆಗೆ ಆರು ಗಂಟೆ ನೀವು ಎಲ್ಲಿರುತ್ತೀರಿ? ಈ ಒಂದು ಪ್ರಶ್ನೆಯನ್ನು ಮನೆ ಬಿಡುವ ಮೊದಲು ಇತ್ಯರ್ಥ ಮಾಡಿಕೊಂಡರೆ ಮಿಕ್ಕಿದ್ದೆಲ್ಲ ದಾರಿಯಲ್ಲೇ ತೀರ್ಮಾನವಾಗಲಿ, ತೊಂದರೆಯಿಲ್ಲ. ನನ್ನ ಉತ್ತರ ಯಾವಾಗಲೂ ಒಂದೇ. ಅಲ್ಲೇ ಮಲಗಿ, ಬೆಳಗಿನ ಮೈಸೂರು ನೋಡಿಕೊಂಡು ಬನ್ನಿ. ಮಧ್ಯರಾತ್ರಿ ವಾಪಸ್ ಹೊರಡುವ ಯೋಜನೆ ಇದ್ದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ಮೊದಲು ಗಡಿಯಾರ ನೋಡಿ

ಹೋಗೋಣವೇ ಬೇಡವೇ ಎಂಬುದನ್ನು ಉತ್ಸಾಹಕ್ಕೆ ಬಿಡದೆ ಹೊರಡುವ ಹೊತ್ತಿಗೆ ಬಿಡಿ. ಮಡಿಕೇರಿಯಿಂದ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ, ಕುಶಾಲನಗರದಿಂದ ಎರಡು ಗಂಟೆ ಎಂದು ಹಿಡಿಯಿರಿ. ಮಡಿಕೇರಿಯ ಲೆಕ್ಕದಲ್ಲಿ ಹೇಳುವುದಾದರೆ, ಎರಡಕ್ಕೆ ಹೊರಟರೆ ಚಾಮುಂಡಿ ಬೆಟ್ಟದ ಮೇಲೆ ಸೂರ್ಯ ಮುಳುಗುವುದು ಸಿಗುತ್ತದೆ. ನಾಲ್ಕಕ್ಕೆ ಹೊರಟರೆ ಅರಮನೆಯ ಸುತ್ತಮುತ್ತ, ಪೇಟೆ, ಊಟ. ಆರು ದಾಟಿದರೆ ಊಟ ಮತ್ತು ಸೆಕೆಂಡ್ ಶೋ ಸಿನಿಮಾ ಮಾತ್ರ, ನೋಡುವ ಜಾಗಗಳ ಆಸೆ ಬಿಡಿ. ಏಳೂವರೆ ಆದ ಮೇಲೂ ಯಾರದ್ದೋ ಮನೆಯ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಾ ನಿಂತಿದ್ದೀರಾದರೆ, ಕುಶಾಲನಗರದಲ್ಲೇ ಊಟ ಮಾಡಿ ಮನೆಗೆ ಹೋಗಿ. ಮೈಸೂರು ಮುಂದಿನ ವಾರವೂ ಅಲ್ಲೇ ಇರುತ್ತದೆ.

ವಾರದ ಯಾವ ದಿನ? ನನ್ನ ಆಯ್ಕೆ ಶನಿವಾರ. ಬೆಂಗಳೂರಿನ ಪ್ರವಾಸಿಗರು ಶನಿವಾರ ಬೆಳಿಗ್ಗೆ ಕೊಡಗಿಗೆ ನುಗ್ಗಿ ಭಾನುವಾರ ಸಂಜೆ ಒಟ್ಟಿಗೇ ಇಳಿಯುತ್ತಾರೆ. ಶನಿವಾರ ಮಧ್ಯಾಹ್ನ ನಾವು ಅವರಿಗೆ ಎದುರು ದಿಕ್ಕಿನಲ್ಲಿ ಹೋಗುತ್ತೇವೆ, ರಸ್ತೆ ಹಗುರ. ಭಾನುವಾರ ಸಂಜೆ ಹೊರಟರೆ ಆ ಸಾಲಿನ ಬಾಲಕ್ಕೆ ಸಿಕ್ಕಿಕೊಳ್ಳುತ್ತೀರಿ. ಆದರೆ ಅರಮನೆಯ ಪೂರ್ಣ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಹಾಗಾಗಿ ರಜಾದಿನದ ಮಧ್ಯಾಹ್ನ ಹೊರಟು, ಮರುದಿನ ಕೆಲಸಕ್ಕೆ ತಡವಾದರೂ ನಡೆಯುವವರಿಗೆ ಹಗುರ ರಸ್ತೆ, ದೀಪ ಎರಡೂ ಸಿಗುತ್ತದೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿಟ್ಟವನನ್ನು ಎಳೆದುಕೊಂಡು ಹೋಗಬೇಡಿ, ಅವನ ಮನಸ್ಸು ಇಡೀ ರಾತ್ರಿ ಮೋಡದ ಮೇಲೇ ಇರುತ್ತದೆ. ಜೂನ್, ಜುಲೈ ಮಳೆಯಲ್ಲಿ ಬೈಕ್ ಬೇಡ. ಮೈಸೂರು ದಸರಾ ಸಮಯದಲ್ಲಿ ಇಡೀ ನಗರ ದೀಪದಲ್ಲಿ ಮುಳುಗಿರುತ್ತದೆ, ನೋಡಲೇಬೇಕಾದದ್ದು, ಆದರೆ ದಿಢೀರ್ ಹೋದವರಿಗೆ ರೂಮು ಸಿಗುವುದಿಲ್ಲ. ವಿಜಯದಶಮಿ ರಾತ್ರಿಯಂತೂ ಮಡಿಕೇರಿಯಲ್ಲೇ ದಶಮಂಟಪಗಳ ಮೆರವಣಿಗೆ ಬೆಳಗಿನವರೆಗೆ ನಡೆಯುವಾಗ ನಾವು ಬೇರೆ ಊರಿಗೆ ಯಾಕೆ ಹೋಗಬೇಕು?

ಶನಿವಾರಸಂತೆ ಕಡೆಯವರಿಗೆ ಹಾಸನ ಹತ್ತಿರ, ವಿರಾಜಪೇಟೆಯವರಿಗೆ ಮಾಕುಟ್ಟ ಇಳಿದರೆ ಕಣ್ಣೂರು, ಮಡಿಕೇರಿಯವರಿಗೆ ಸಂಪಾಜೆ ಇಳಿದರೆ ಮಂಗಳೂರು. ಕಡಲು ಬೇಕೆನ್ನುವವರು ಹೋಗಲಿ. ಯೋಚಿಸದೆ ಹೊರಡುವ ರಾತ್ರಿಗೆ ಘಾಟಿ ಇಳಿಯುವ ದಾರಿ ನನಗೆ ಸರಿ ಕಾಣುವುದಿಲ್ಲ, ಮಳೆಗಾಲದಲ್ಲಂತೂ ಖಂಡಿತ ಬೇಡ.

ಜನ, ಗಾಡಿ, ಮನೆ

ನಾಲ್ಕು ಜನ ಸರಿ. ಐದಾದರೆ ಹಿಂದಿನ ಸೀಟಿನಲ್ಲಿ ಮಧ್ಯದವನ ಮೊಣಕಾಲು ಹುಣಸೂರು ತಲುಪುವಷ್ಟರಲ್ಲಿ ಮುಷ್ಕರ ಹೂಡುತ್ತದೆ. ಗ್ರೂಪಿನಲ್ಲಿ ಎಲ್ಲರ ಉತ್ತರಕ್ಕೆ ಕಾಯಬೇಡಿ. "ಮೂರು ಗಂಟೆಗೆ ಹೊರಡುತ್ತೇವೆ, ಬರುವವರು ಎರಡೂವರೆ ಒಳಗೆ ಹೇಳಿ" ಎಂದು ಹಾಕಿ, ಎರಡೂವರೆಗೆ ಲೆಕ್ಕ ಮುಚ್ಚಿ. ಓದಿಯೂ ಸುಮ್ಮನಿದ್ದವನಿಗೆ ಒಂದು ಫೋನ್ ಮಾಡಿ. ಎಷ್ಟೋ ಸಲ ಅವನ ಸಮಸ್ಯೆ ದುಡ್ಡಿನದ್ದು, ಗ್ರೂಪಿನಲ್ಲಿ ಹೇಳಿಕೊಳ್ಳಲಾಗದ್ದು.

ಅದೇ ಹೊತ್ತಿನಲ್ಲಿ ಗಾಡಿ ಓಡಿಸುವವ ಯಾರು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಅವನು ಅಂದು ರಾತ್ರಿ ಕುಡಿಯುವುದಿಲ್ಲ. "ಅಲ್ಲಿ ನೋಡೋಣ" ಅಂದರೆ ಅಲ್ಲಿ ಯಾರೂ ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಸಿಕ್ಕಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ 15,000 ರೂಪಾಯಿ, ಎರಡು ವರ್ಷಕ್ಕೆ ಏರುತ್ತದೆ. ಕುಡಿಯದವನಿಗೆ ಪ್ರತಿಯಾಗಿ ಊಟದ ಪಾಲು ಮಾಫಿ ಮಾಡಿ, ಹಾಡು ಆರಿಸುವ ಹಕ್ಕನ್ನೂ ಅವನಿಗೇ ಕೊಡಿ. ಎಲ್ಲರೂ ಕುಡಿಯುವ ತಂಡವಾದರೆ ಬಸ್ಸಿನಲ್ಲಿ ಹೋಗಿ, ಅದರಲ್ಲಿ ಅವಮಾನವೇನಿಲ್ಲ.

ಬಸ್ಸಿನ ದಾರಿ ನಿಜಕ್ಕೂ ಚೆನ್ನಾಗಿದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳು ದಿನವಿಡೀ ಓಡುತ್ತವೆ. ಬೆಂಗಳೂರು–ನೀಲಗಿರಿ ರಸ್ತೆಯ ಸಬ್‌ಅರ್ಬನ್ ನಿಲ್ದಾಣದಲ್ಲಿ ಇಳಿದರೆ ಅರಮನೆಗೆ ನಡೆದೇ ಹೋಗಬಹುದು, ಪಾರ್ಕಿಂಗ್ ತಲೆನೋವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸಾಕು, ರಾಜಹಂಸ ಮತ್ತು ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಮನೆ. "ಕುಶಾಲನಗರದವರೆಗೆ ಹೋಗಿ ಬರ್ತೀನಿ" ಎಂಬ ಸುಳ್ಳು ಕೊಡಗಿನಲ್ಲಿ ನಡೆಯುವುದಿಲ್ಲ. ಬೈಲಕುಪ್ಪೆ ದಾಟುವಷ್ಟರಲ್ಲಿ ಯಾವುದೋ ಚಿಕ್ಕಪ್ಪನ ಜೀಪು ಎದುರಿಗೆ ಬಂದಿರುತ್ತದೆ. ನೇರವಾಗಿ ಹೇಳಿ: ಯಾರ ಗಾಡಿ, ಯಾರ ಜೊತೆ, ಎಲ್ಲಿ ಮಲಗುತ್ತೇವೆ, ನಾಳೆ ಎಷ್ಟು ಹೊತ್ತಿಗೆ ಮನೆ. "ಅವ್ವಾ, ರಾತ್ರಿ ಗಾಡಿ ಓಡಿಸಲ್ಲ, ಅಲ್ಲೇ ಮಲ್ಕೊಂಡು ಬೆಳಿಗ್ಗೆ ಬರ್ತೀವಿ" ಎಂಬ ಮಾತು ಮಿಕ್ಕೆಲ್ಲ ಸಮಜಾಯಿಷಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹುಡುಗಿಯರಿರುವ ತಂಡವಾದರೆ ಒಬ್ಬಳ ಮನೆಯವರ ಹತ್ತಿರ ಇನ್ನೊಬ್ಬಳ ನಂಬರೂ ಇರಲಿ.

ರೂಮು ಮೊದಲು, ಸ್ನಾನ ಆಮೇಲೆ

ಹೊರಡುವ ಮುನ್ನ ಫೋನಿನಲ್ಲೇ ರೂಮು ಹಿಡಿಯಿರಿ. ಕೊಡಗಿನವರಿಗೆ ಮೈಸೂರಿನಲ್ಲಿ ಒಬ್ಬ ನೆಂಟರಾದರೂ ಇಲ್ಲದಿರುವುದು ಅಪರೂಪ. ಆದರೆ ರಾತ್ರಿ ಹನ್ನೊಂದೂವರೆಗೆ ಬೆಲ್ ಮಾಡಿ ಅತ್ತೆಯನ್ನು ಎಬ್ಬಿಸುವುದು ಯಾರಿಗೂ ಬೇಡ. ಗಾಂಧಿ ವೃತ್ತ, ಧನ್ವಂತರಿ ರಸ್ತೆಯ ಆಸುಪಾಸಿನಲ್ಲಿ ಸಾಧಾರಣ ಲಾಡ್ಜುಗಳು ಸಾಲಾಗಿವೆ. ರೈಲು ನಿಲ್ದಾಣದ ಹತ್ತಿರ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಇದೆ. ಈ ಜಾಗಗಳ ಲಾಭವೆಂದರೆ ರಾತ್ರಿ ಊಟ ಮುಗಿಸಿ ನಡೆದೇ ವಾಪಸಾಗಬಹುದು.

ಫೋನಿನಲ್ಲಿ ಕೇಳಬೇಕಾದದ್ದು ನಾಲ್ಕೇ: ನಾಲ್ವರಿಗೆ ಒಂದು ರೂಮು ಕೊಡುತ್ತೀರಾ, ಗಾಡಿ ಒಳಗೆ ನಿಲ್ಲಿಸಲು ಜಾಗ ಇದೆಯೇ, ರಾತ್ರಿ ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ, ಬೆಳಿಗ್ಗೆ ಬಿಸಿನೀರು ಎಷ್ಟರವರೆಗೆ. ಮೂರನೆಯದನ್ನು ಮರೆಯಬೇಡಿ. ಪ್ರತಿಯೊಬ್ಬರ ಆಧಾರ್ ಕೇಳುತ್ತಾರೆ, ಫೋನಿನಲ್ಲಿರುವ ಫೋಟೋ ಕೆಲವು ಕಡೆ ಒಪ್ಪುವುದಿಲ್ಲ, ಕಾರ್ಡೇ ಇರಲಿ.

ಚೀಲಕ್ಕೆ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್, ಚಾರ್ಜರ್. ಮಡಿಕೇರಿಯ ಚಳಿ ನೋಡಿ ಎರಡು ಸ್ವೆಟರ್ ತುರುಕಬೇಡಿ, ಮೈಸೂರು ಸೆಕೆ. ಒಂದು ಜರ್ಕಿನ್ ಸಾಕು, ಅದೂ ಬೆಳಗಿನ ದಾರಿಗೆ.

ದಾರಿ: ಇಲ್ಲಿ ಅವಸರ ಬೇಡ

ಮಡಿಕೇರಿಯಿಂದ ರಾಷ್ಟ್ರೀಯ ಹೆದ್ದಾರಿ 275 ಹಿಡಿದರೆ ಬೋಯಿಕೇರಿ, ಸುಂಟಿಕೊಪ್ಪ, ಆನೆಕಾಡು, ಕುಶಾಲನಗರ. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮೈಸೂರು ಜಿಲ್ಲೆ. ಮುಂದೆ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು, ಬಿಳಿಕೆರೆ, ಇಲವಾಲ, ಹಿನಕಲ್. ಕುಶಾಲನಗರದವರೆಗಿನ ಮೊದಲ ಮೂವತ್ತು ಕಿ.ಮೀ. ತಿರುವಿನ ದಾರಿ, ಮಂಜು ಇಳಿದರೆ ಇನ್ನೂ ನಿಧಾನ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಡಿಮ್‌ನಲ್ಲೇ ಹೋಗಿ. ಮೈಸೂರು–ಕುಶಾಲನಗರ ನಡುವಿನ 92 ಕಿ.ಮೀ. ಚತುಷ್ಪಥ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕಾಮಗಾರಿ ಇರುವ ಕಡೆ ಮಣ್ಣಿನ ರಾಶಿ, ಬದಲಿ ದಾರಿ ಎದುರಾಗಬಹುದು, ಕತ್ತಲಲ್ಲಿ ಗುರುತಿಸಿಕೊಂಡು ನಿಧಾನ ಮಾಡಿ.

ವಿರಾಜಪೇಟೆ, ಪೊನ್ನಂಪೇಟೆ ಕಡೆಯವರದ್ದು ಬೇರೆ ದಾರಿ: ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು, ಹುಣಸೂರು. ಕುಟ್ಟದಿಂದ ನಾಗರಹೊಳೆ ಮೂಲಕ ಹುಣಸೂರಿಗೆ ಹೋಗುವ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟಿನಲ್ಲಿ ಹೋಗಿ ಬೇಡಿಕೊಂಡು ಪ್ರಯೋಜನವಿಲ್ಲ, ಗೋಣಿಕೊಪ್ಪಕ್ಕೇ ಬನ್ನಿ. ಸಿದ್ದಾಪುರದವರು ಕತ್ತಲಾದ ಮೇಲೆ ಮಾಲ್ದಾರೆ ದಾರಿ ಬಿಟ್ಟು ಕುಶಾಲನಗರ ಹಿಡಿಯುವುದು ಲೇಸು. ಆ ಕಡೆ ಆನೆ ಕಾಡಿನಲ್ಲಷ್ಟೇ ಇರುವುದಿಲ್ಲ, ತೋಟದಲ್ಲೂ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಆನೆಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಹಗಲಲ್ಲಿ ಎಚ್ಚರವಾಗಿರುವವರೂ ರಾತ್ರಿ ಜೊತೆಯಲ್ಲಿ ಗೆಳೆಯರಿದ್ದಾಗ ಹುಂಬರಾಗುತ್ತಾರೆ. ತಿತಿಮತಿಯಿಂದ ಆನೆಚೌಕೂರಿನವರೆಗೆ, ಮತ್ತಿಗೋಡು ಆನೆ ಶಿಬಿರದ ಆಸುಪಾಸು, ಹಾಗೆಯೇ ಸುಂಟಿಕೊಪ್ಪ–ಕುಶಾಲನಗರ ನಡುವಿನ ಆನೆಕಾಡು, ಇಲ್ಲೆಲ್ಲ ಹಾಡಿನ ಸದ್ದು ತಗ್ಗಿಸಿ, ವೇಗ ಇಳಿಸಿ. ರಸ್ತೆಯ ಮೇಲೆ ಆನೆ ಕಂಡರೆ ದೂರದಲ್ಲೇ ನಿಲ್ಲಿ. ಇಂಜಿನ್ ಓಡುತ್ತಿರಲಿ, ಲೈಟು ಡಿಮ್ ಮಾಡಿ, ಹಾರ್ನ್ ಮುಟ್ಟಬೇಡಿ. ಹಿಂದೆ ಗಾಡಿ ಇಲ್ಲದಿದ್ದರೆ ಮೆಲ್ಲಗೆ ರಿವರ್ಸ್ ಬನ್ನಿ. ಒಂದು ಆನೆ ದಾಟಿತೆಂದು ತಕ್ಷಣ ನುಗ್ಗಬೇಡಿ, ಹಿಂದೆಯೇ ಮರಿಯ ಜೊತೆ ಇನ್ನೆರಡು ಬರುತ್ತಿರಬಹುದು. ವಿಡಿಯೋಗೆಂದು ಕೆಳಗಿಳಿಯುವವನಿದ್ದರೆ ಡೋರ್ ಲಾಕ್ ಒತ್ತಿ. ಮೂತ್ರಕ್ಕೆ ನಿಲ್ಲಿಸುವುದೂ ಕಾಡು ದಾಟಿದ ಮೇಲೆ. ಫಾರೆಸ್ಟಿನೊಳಗೆ ಫೋನ್ ಸಿಗ್ನಲ್ ನೆಚ್ಚಬೇಡಿ, ಮನೆಗೆ ಹೇಳುವುದಿದ್ದರೆ ಗೋಣಿಕೊಪ್ಪದಲ್ಲೇ ಹೇಳಿ.

ಬೈಕಿನವರಿಗೆ: ಈ ದಾರಿಯಲ್ಲಿ ಬೈಕ್ ಹಗಲಿನ ವಾಹನ. ಹೋಗಲೇಬೇಕೆಂದರೆ ಕತ್ತಲಾಗುವ ಮುನ್ನ ಹುಣಸೂರು ದಾಟಿರಬೇಕು, ಹಿಂದೆ ಕೂತವನಿಗೂ ಹೆಲ್ಮೆಟ್ ಬೇಕು. ಪೆಟ್ರೋಲನ್ನು ಎಲ್ಲರೂ ಕುಶಾಲನಗರ ಅಥವಾ ಗೋಣಿಕೊಪ್ಪದಲ್ಲಿ ತುಂಬಿಸಿಕೊಂಡು ಮುಂದೆ ಹೋಗಿ. ಚಹಾಕ್ಕೆ ಒಂದೇ ಕಡೆ ನಿಲ್ಲಿ. ಪ್ರತಿ ಊರಲ್ಲೂ ಸಿಗರೇಟಿಗೆ ಇಳಿಯುವವನಿದ್ದರೆ ಅರಮನೆ ದೀಪ ಆರಿದ ಮೇಲೆ ತಲುಪುತ್ತೀರಿ.

ಸಂಜೆ: ಒಂದನ್ನು ಆರಿಸಿ

ಹಿನಕಲ್ ತಲುಪಿದಾಗ ತೀರ್ಮಾನ ಮಾಡಿದರೆ ಸಾಕು. ಬೆಟ್ಟಕ್ಕೆ ಹೋಗುವವರು ಅಲ್ಲೇ ರಿಂಗ್ ರೋಡ್ ಹಿಡಿಯಿರಿ, ಪೇಟೆಯ ಒಳಗೆ ಸಿಕ್ಕಿಕೊಳ್ಳುವ ಕಷ್ಟ ತಪ್ಪುತ್ತದೆ. ಬೆಳಕಿರುವಾಗ ಹತ್ತಿ, ಕೆಳಗೆ ಊರಿನ ದೀಪಗಳು ಹೊತ್ತಿಕೊಳ್ಳುವುದನ್ನು ವ್ಯೂ ಪಾಯಿಂಟಿನಿಂದ ನೋಡಿ ಇಳಿಯುವುದು ಸರಿಯಾದ ಕ್ರಮ. ತಡರಾತ್ರಿ ಬೆಟ್ಟಕ್ಕೆ ಗಾಡಿ ಬಿಡುವುದಿಲ್ಲ.

ಅರಮನೆ ದೀಪಕ್ಕೆ ಸಂಜೆ ಏಳಕ್ಕೆ ಮೊದಲೇ ಅಲ್ಲಿರಬೇಕು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲಕ್ಕೆ ಹೊತ್ತಿಕೊಳ್ಳುವ ಆ ಗಳಿಗೆಯೇ ನೋಡತಕ್ಕದ್ದು, ದೀಪ ಇರುವುದು ಒಂದು ಗಂಟೆಯೂ ಅಲ್ಲ. ಪೂರ್ವದ ಜಯಮಾರ್ತಾಂಡ ದ್ವಾರದ ಎದುರು, ದೊಡ್ಡಕೆರೆ ಮೈದಾನದ ಕಡೆಯಿಂದ ಕಮಾನಿನೊಳಗೆ ಅರಮನೆ ನೇರ ಕಾಣುತ್ತದೆ. ಈಗಿನ ಅರಮನೆ 1912ರಲ್ಲಿ ಮುಗಿದದ್ದು, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಜೊತೆಯಲ್ಲಿರುವ ಯಾರಾದರೂ "ಎಷ್ಟು ಹಳೇದು?" ಎಂದು ಕೇಳಿದರೆ ಹೇಳಲು ಇಷ್ಟು ಸಾಕು.

ಭಾನುವಾರ ಸಂಜೆ ಬಂದವರಿಗೆ ನಾನು ಒತ್ತಿ ಹೇಳುವ ಇನ್ನೊಂದು ಜಾಗ ರಂಗಾಯಣ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರೆಪರ್ಟರಿ, ಅಂದರೆ ಖಾಯಂ ನಾಟಕ ತಂಡ. ಕಲಾಮಂದಿರದ ಆವರಣದ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯಕ್ಕೆ ನಾಟಕ ಇರುವುದು ವಾಡಿಕೆ, ಟಿಕೆಟ್ಟೂ ಸಿನಿಮಾಕ್ಕಿಂತ ದುಬಾರಿಯಲ್ಲ. ನೈಟ್ ಔಟ್ ಎಂದು ಹೊರಟವರು ನಾಟಕ ನೋಡುವುದೇ ಎಂದು ಮೂಗು ಮುರಿಯುವವರನ್ನೂ ಎಳೆದುಕೊಂಡು ಹೋಗಿ. ಬೃಂದಾವನಕ್ಕೆ ಹೋಗಬೇಡಿ ಅಂತ ಹೇಳುವುದಿಲ್ಲ, ಆದರೆ ನಗರದಿಂದ ಇಪ್ಪತ್ತು ಕಿ.ಮೀ. ಆಚೆ, ಜನಜಂಗುಳಿ, ವಾಪಸ್ ಬರುವಷ್ಟರಲ್ಲಿ ನಿಮ್ಮ ಸಂಜೆ ಮುಗಿದಿರುತ್ತದೆ. ಮೊದಲ ಸಲ ಬಂದವರು ಬೇಕಾದರೆ ಅಲ್ಲಿನ ಕಾರಂಜಿ ನೋಡಲಿ.

ಊಟ ಮತ್ತು ಗ್ಲಾಸು

ಗಾಡಿಯನ್ನು ಲಾಡ್ಜಿನಲ್ಲಿ ಬಿಟ್ಟು ಆಟೋ ಹತ್ತಿ. ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು ಕೇಳುವುದು ರೂಢಿ, ಹತ್ತುವ ಮೊದಲೇ ಮಾತಾಡಿಕೊಳ್ಳಿ. ಊಟಕ್ಕೆ ಒಂಬತ್ತರೊಳಗೆ ಕೂರಬೇಕು, ಶನಿವಾರ ರಾತ್ರಿ ನಾಲ್ಕು ಜನರ ಮೇಜಿಗೆ ಕಾಯುವುದು ಇದ್ದದ್ದೇ. ಗಾಂಧಿ ವೃತ್ತದ ಆರ್‌ಆರ್‌ಆರ್‌ನಲ್ಲಿ ಬಾಳೆಲೆಯ ಆಂಧ್ರ ಊಟ, ಬಿರಿಯಾನಿ. ಸುಮ್ಮನೆ ಕೂತು ಹರಟಬೇಕೆಂದರೆ ಕಾಳಿದಾಸ ರಸ್ತೆಯ ಕೆಫೆಗಳು. ಮೈಸೂರಿಗೆ ಬಂದು ಪಂದಿಕರಿ ಎಲ್ಲಿ ಸಿಗುತ್ತದೆ ಎಂದು ಹುಡುಕುವವನಿಗೆ ಮನೆಯಲ್ಲಿ ಅವನ ಅವ್ವ ಮಾಡಿದ್ದು ಸಾಲದೇ ಎಂದು ಕೇಳಿ.

ಕುಡಿಯುವವರು 21 ದಾಟಿರಬೇಕು. ಊಟಕ್ಕೆ ಮೊದಲು ಗಂಟೆಗಟ್ಟಲೆ ಬಾರಿನಲ್ಲಿ ಕೂತರೆ ಅಡುಗೆಮನೆ ಮುಚ್ಚಿರುತ್ತದೆ, ಎರಡನ್ನೂ ಒಂದೇ ಕಡೆ ಮುಗಿಸುವುದು ಜಾಣತನ. ಕೊಡಗಿನಲ್ಲಿ ಮದುವೆ ಮನೆಯಲ್ಲಿ ಕುಡಿದದ್ದಕ್ಕೂ ಇಲ್ಲಿಗೂ ವ್ಯತ್ಯಾಸವಿದೆ: ಅಲ್ಲಿ ಎಡವಿದರೆ ಹಿಡಿಯಲು ನೆಂಟರಿರುತ್ತಾರೆ. ಯಾರಿಗಾದರೂ ಜಾಸ್ತಿಯಾದರೆ ಒಬ್ಬ ಅವನ ಜೊತೆ ರೂಮಿಗೆ ಹೋಗಲಿ, ಒಂಟಿಯಾಗಿ ಆಟೋ ಹತ್ತಿಸಬೇಡಿ. ಮಗ್ಗುಲಲ್ಲಿ ಮಲಗಿಸಿ, ಅಂಗಾತವೂ ಬೇಡ, ಮಕಾಡೆಯೂ ಬೇಡ. ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ಜಗಳ, ಕಿರುಕುಳ ಏನಾದರೂ ಆದರೆ 112.

ಹನ್ನೊಂದರಿಂದ ಐದು

ಸೆಕೆಂಡ್ ಶೋ ಇದ್ದರೆ ಸರಾಗ, ಮುಗಿಯುವಾಗ ಹನ್ನೆರಡೂವರೆ ದಾಟಿರುತ್ತದೆ. ಜಯಲಕ್ಷ್ಮೀಪುರಂನ ಡಿಆರ್‌ಸಿ ಅಥವಾ ಮಾಲ್ ಆಫ್ ಮೈಸೂರಿನಲ್ಲಿ ಟಿಕೆಟನ್ನು ಬರುವ ದಾರಿಯಲ್ಲೇ ಬುಕ್ ಮಾಡಿ. ಲಾಡ್ಜಿನ ಗೇಟಿನವನಿಗೆ ತಡವಾಗುತ್ತದೆಂದು ಮೊದಲೇ ಹೇಳಿರಿ. ಸಿನಿಮಾ ಬೇಡವೆಂದರೆ ರೂಮಿನಲ್ಲಿ ಇಸ್ಪೀಟು, ಹಳೇ ಕಾಲೇಜಿನ ಸುದ್ದಿ. ದಿಢೀರ್ ರಾತ್ರಿಗಳಲ್ಲಿ ನಿಜವಾದ ಮಾತು ಶುರುವಾಗುವುದು ಈ ಹೊತ್ತಿಗೇ. ಪಕ್ಕದ ರೂಮಿನಲ್ಲಿ ಆಸ್ಪತ್ರೆಗೆ ಬಂದ ಮನೆಯವರು ಮಲಗಿರಬಹುದು, ಧ್ವನಿ ತಗ್ಗಿರಲಿ.

ರಾತ್ರಿಯೇ ಊರು ಸೇರಲೇಬೇಕಾದ ತುರ್ತು ಬಂದರೆ ಬಸ್ಸು ಹಿಡಿಯಿರಿ. ಬೆಂಗಳೂರಿನಿಂದ ಕೊಡಗಿಗೆ ಬರುವ ರಾತ್ರಿ ಬಸ್ಸುಗಳು ಸಬ್‌ಅರ್ಬನ್ ನಿಲ್ದಾಣದ ಮೂಲಕವೇ ಹೋಗುತ್ತವೆ, ಸೀಟು ಖಾಲಿ ಇದೆಯೇ ಎಂದು ಕಂಡಕ್ಟರನ್ನೇ ಕೇಳಿ.

ಬೆಳಗಿನ ಮೈಸೂರು

ಆರಕ್ಕೆ ಏಳಿ. ಎಲ್ಲರೂ ಏಳುವುದಿಲ್ಲ, ಎದ್ದವರು ಹೋಗಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದರೆ ರಾತ್ರಿಯ ಜಡ ಇಳಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಕೆರೆ, ಕುವೆಂಪು ನಡೆದಾಡಿದ ದಂಡೆ. ಕಾಲಲ್ಲಿ ಶಕ್ತಿ ಇರುವವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲಿ. ಮುಕ್ಕಾಲು ದಾರಿ ಹತ್ತುವಷ್ಟರಲ್ಲಿ 1659ರಲ್ಲಿ ದೊಡ್ಡ ದೇವರಾಜ ಒಡೆಯರ್ ಕೆತ್ತಿಸಿದ ಏಕಶಿಲಾ ನಂದಿ ಸಿಗುತ್ತದೆ. ಅಲ್ಲಿಂದಲೇ ಇಳಿದರೂ ಯಾರೂ ಕೇಳುವುದಿಲ್ಲ.

ತಿಂಡಿಗೆ ನಜರ್‌ಬಾದಿನ ಮೈಲಾರಿ, ಮೆತ್ತನೆಯ ಬೆಣ್ಣೆ ದೋಸೆ. ಒಬ್ಬರಿಗೆ ಎರಡಕ್ಕಿಂತ ಕಡಿಮೆ ಹೇಳಬೇಡಿ. ಅಲ್ಲಿ ಸರತಿ ಉದ್ದವಾಗಿದ್ದರೆ ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮ್. ಮಾಂಸಾಹಾರಿಗಳು ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಕೇಳಿಕೊಂಡು ಹೋಗಲಿ. ಆಮೇಲೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹಾದು, ಸಯ್ಯಾಜಿ ರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಳ್ಳಿ. ಮುಂದಿನ ಸಲ ಮನೆಯಲ್ಲಿ ಅಪ್ಪಣೆ ಸಿಗುವುದಕ್ಕೂ ಇದಕ್ಕೂ ಸಂಬಂಧವಿದೆ.

ಗಾಡಿ ಓಡಿಸುವವ ಆರು ಗಂಟೆಯಾದರೂ ನಿದ್ದೆ ಮಾಡಿರಬೇಕು. ಇಲ್ಲದಿದ್ದರೆ ಹತ್ತರವರೆಗೆ ಮಲಗಲಿ, ಉಳಿದವರು ದೇವರಾಜ ಅರಸು ರಸ್ತೆಯಲ್ಲಿ ಕಿಟಕಿ ನೋಡಿಕೊಂಡು ತಿರುಗಲಿ. ರಾತ್ರಿ ತಡವಾಗಿ ಕುಡಿದವರ ಮೈಯಲ್ಲಿ ಬೆಳಿಗ್ಗೆಯೂ ಮದ್ಯ ಉಳಿದಿರುತ್ತದೆ, "ಈಗ ಸರಿ ಇದ್ದೀನಿ" ಅಂದರೂ ಅವರಿಗೆ ಕೀ ಕೊಡಬೇಡಿ.

ಲೆಕ್ಕ

ಖರ್ಚನ್ನು ಒಬ್ಬನೇ ಯುಪಿಐನಲ್ಲಿ ಕೊಡುತ್ತಾ ಹೋಗಲಿ, ಹುಣಸೂರಿನಲ್ಲಿ ಚಹಾ ಕುಡಿಯುವಾಗ ಪಾಲು ಮಾಡಿ ಅಲ್ಲೇ ಹಾಕಿಸಿಕೊಳ್ಳಲಿ. ಊರು ಸೇರಿದ ಮೇಲೆ ಕೇಳುವವನಿಗೂ ಸಂಕೋಚ, ಕೊಡುವವನಿಗೂ ಮರೆವು. ಮಡಿಕೇರಿಯಿಂದ ಹೋಗಿಬರಲು 240 ಕಿ.ಮೀ., ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 16 ಲೀಟರ್, ಲೀಟರಿಗೆ ನೂರರ ಮೇಲೆ ಹಿಡಿದರೂ ನಾಲ್ವರಿಗೆ ತಲಾ 400ರ ಸುತ್ತ. ಕಾರು ತಂದವನು ಪೆಟ್ರೋಲಿನ ಪಾಲು ಕೊಡಬೇಕಾಗಿಲ್ಲ ಎಂಬುದು ನನ್ನ ಪಕ್ಷ, ಟೈರು ಅವನದ್ದು. ಕುಡಿಯದವರ ತಲೆಗೆ ಬಾರಿನ ಬಿಲ್ಲು ಹಾಕಬೇಡಿ. ಕೈಯಲ್ಲಿ ಐನೂರರ ಒಂದೆರಡು ನೋಟು ಇರಲಿ, ಸರ್ವರ್ ಡೌನ್ ಆಗುವುದು ಆಟೋ ಇಳಿಯುವಾಗಲೇ. ಅಪ್ಪನ ಕಾರು ತಂದವನ ಮನೆಯ ಮುಂದೆ ಇಳಿಯುವ ಮೊದಲು ಸೀಟಿನ ಕೆಳಗಿನ ಚಿಪ್ಸ್ ಪ್ಯಾಕೆಟ್ಟು, ಬಾಟಲಿ ಎಲ್ಲ ತೆಗೆದು, ಟ್ಯಾಂಕು ಹೊರಡುವಾಗ ಎಷ್ಟಿತ್ತೋ ಅಷ್ಟಾದರೂ ಇದೆಯೇ ನೋಡಿ.